ಏಳು ಆಸನ, ಎಂಟು ಮಂದಿ

ಉತ್ತರ ಕನ್ನಡ ಜಿಲ್ಲೆಯೆಂದ ಕೂಡಲೆ ಓದುಗರ ಕಣ್ಣಿಗೆ ಕಟ್ಟುವುದು ಕಡಲು, ತೆಂಗು, ಅಡಿಕೆಯ ತೋಟ, ಬಂಡೆಯಿಂದ ಧುಮುಕುವ ಅಬ್ಬಿ. ನಮ್ಮ ಮಳಗಿಯನ್ನು ಈ ಚಿತ್ರದೊಳಗೆ ಹುಡುಕಹೊರಟವರಿಗೆ ನಿರಾಶೆಯೇ ಗತಿ. ಅದು ಮುಂಡಗೋಡ ತಾಲೂಕಿನ ಒಂದು ಊರು. ಶಿರಸಿಯಿಂದ ಹುಬ್ಬಳ್ಳಿಗೆ ಹೋಗುವ ಹೆದ್ದಾರಿಯ ಮೇಲಿದೆ. ಪಡುವಣಕ್ಕೆ ಮುಖಮಾಡಿ ನಿಂತರೆ ತೇಗ, ಬಿದಿರುಗಳ ಕಾಡು. ಮೂಡಣಕ್ಕೆ ತಿರುಗಿದರೆ ಹಾನಗಲ್ಲಿನ ಬಯಲು. ಮಲೆನಾಡಿನವರು ನಮ್ಮನ್ನು ಬಯಲುಸೀಮೆಯವರೆಂದು ಬದಿಗಿಡುತ್ತಾರೆ. ಬಯಲುಸೀಮೆಯವರು ಮಲೆನಾಡಿನವರೆಂದು ದೂರ ಇಡುತ್ತಾರೆ. ನಾವು ಭತ್ತವನ್ನೂ ಗೋವಿನಜೋಳವನ್ನೂ ಬೆಳೆದುಕೊಂಡು, ಎರಡು ಕಡೆಯ ಮಾತನ್ನೂ ಆಡಿಕೊಂಡು, ನಡುವೆ ಹಾಯಾಗಿದ್ದೇವೆ.

ಊರಿಗೆ ಹೆಸರನ್ನು ತಂದದ್ದು ಏನಾದರೂ ಇದ್ದರೆ ಅದು ಧರ್ಮಾ ಜಲಾಶಯ. ಧರ್ಮಾ ಎಂಬ ಸಣ್ಣ ನದಿಗೆ ಇಲ್ಲಿ ಒಡ್ಡು ಹಾಕಿದ್ದಾರೆ. ನೀರು ನಿಲ್ಲುವುದು ನಮ್ಮಲ್ಲಿ. ಕಾಲುವೆಯಲ್ಲಿ ಹರಿದು ಗದ್ದೆಗಳನ್ನು ತಣಿಸುವುದು ಬಹುಪಾಲು ಹಾನಗಲ್ಲ ತಾಲೂಕಿನಲ್ಲಿ. ಮಗಳನ್ನು ಸಾಕಿ ಬೆಳೆಸಿ ಕೊಟ್ಟ ಮನೆಯಂತೆ ನಮ್ಮ ಊರು ಎಂದು ನನ್ನ ಅಣ್ಣ ಆಗಾಗ ನಗುವುದುಂಟು. ಈ ಧರ್ಮಾ ಹೋಗಿ ವರದೆಯನ್ನು ಸೇರುತ್ತದೆ. ವರದೆ ಗಳಗನಾಥದ ಬಳಿಯಲ್ಲಿ ತುಂಗಭದ್ರೆಯನ್ನು, ತುಂಗಭದ್ರೆ ಮುಂದೆ ಕೃಷ್ಣೆಯನ್ನು ಕೂಡುತ್ತದೆ. ಅಂದರೆ, ಅರಬ್ಬೀ ಸಮುದ್ರವು ಪಡುವಣಕ್ಕೆ ನೂರು ಕಿಲೋಮೀಟರಿಗೆ ತುಸು ಮಿಗಿಲಾದ ದಾರಿಯಲ್ಲಿದ್ದರೂ ನಮ್ಮೂರ ಹನಿನೀರು ಅದರ ಕಡೆಗೆ ಹೊರಳಿಯೂ ನೋಡದೆ, ಇಡೀ ನಾಡನ್ನು ಅಡ್ಡ ಹಾಯ್ದು ಬಂಗಾಳ ಕೊಲ್ಲಿಗೆ ಹೋಗಿ ಬೀಳುತ್ತದೆ. ಉತ್ತರಕ್ಕೆ ಅಷ್ಟೇನೂ ದೂರವಲ್ಲದ ಬೇಡ್ತಿ ಮಾತ್ರ ಪಡುವಣಕ್ಕೆ ಇಳಿದು, ಗಂಗಾವಳಿಯೆಂದು ಹೆಸರನ್ನು ಬದಲಿಸಿಕೊಂಡು, ಗೋಕರ್ಣದ ಸಮೀಪದಲ್ಲಿ ಕಡಲನ್ನು ಮುಟ್ಟುತ್ತದೆ. ನೆರೆಹೊರೆಯ ಎರಡು ಹೊಳೆಗಳಿಗೆ ಎರಡು ಸಮುದ್ರಗಳು. ಈ ಭೂಗೋಳದ ಪಾಠವನ್ನು ಇಲ್ಲಿ ಏಕೆ ತಂದೆನೆಂಬುದು ಮುಂದೆ ತಿಳಿದೀತು.

ನಮ್ಮ ತಾಯಿಯವರಿಗೆ ಗೋಕರ್ಣದ ಹಂಬಲ. ಹರೆಯದಲ್ಲಿ ಎರಡು ಬಾರಿ ಹೋಗಿ ಬಂದವರು. ಆಮೇಲೆ ಮೊಣಕಾಲಿನ ನೋವು ಅವರನ್ನು ಮನೆಯ ಹೊಸ್ತಿಲಿನೊಳಗೆ ಕಟ್ಟಿಹಾಕಿತು. ಬಸ್ಸಿನ ಮೊದಲ ಮೆಟ್ಟಿಲೇ ಅವರಿಗೆ ಬೆಟ್ಟ. ಮದುವೆ ಮುಂಜಿಗಳಿಗೆ ಊರವರು ಬಾಡಿಗೆಗೆ ತರುವ ಟ್ರ್ಯಾಕ್ಸ್ ಗಾಡಿಯೂ ಅವರಿಗೆ ಒಗ್ಗದು. ಅಂಥ ಗಾಡಿಗಳಲ್ಲಿ ಲಾರಿಯ ಹಾಗೆ ಪ್ರತ್ಯೇಕವಾದ ಉಕ್ಕಿನ ಚೌಕಟ್ಟಿನ ಮೇಲೆ ಮೈಯನ್ನು ಕೂಡಿಸಿರುತ್ತಾರೆ. ಆದ್ದರಿಂದ ನೆಲಗಟ್ಟು ಎತ್ತರ. ಹತ್ತುವವರು ಮೊಣಕಾಲನ್ನು ಪೂರ್ತಿ ಮಡಿಸಿ, ಮೈಯ ಭಾರವನ್ನೆಲ್ಲ ಒಂದೇ ಕಾಲಿನ ಮೇಲೆ ಹಾಕಿ ಮೇಲಕ್ಕೆ ಏಳಬೇಕು. ಎಪ್ಪತ್ತು ದಾಟಿದವರಿಗೆ ಇದೇನು ಸಾಮಾನ್ಯದ ಕೆಲಸವೇ?

2013ರಲ್ಲಿ ನಾನು ಬೆಂಗಳೂರಿನಲ್ಲಿ ಗಾಡಿಯನ್ನು ಕೊಳ್ಳಹೊರಟಾಗ ಈ ಒಂದು ಮೆಟ್ಟಿಲೇ ನನ್ನ ಮನಸ್ಸಿನಲ್ಲಿತ್ತು. ಮಿತ್ರರು ತಲೆಗೊಂದು ಸಲಹೆಯನ್ನು ಕೊಟ್ಟರು. ಏಳು ಜನರ ಡೀಸೆಲ್ ಗಾಡಿಯೆಂದರೆ ನಮ್ಮ ರಾಜ್ಯದ್ದೇ ಆದ, ಬಿಡದಿಯಲ್ಲಿ ತಯಾರಾಗುವ ಟೊಯೊಟಾದ ಹೆಸರು ಮೊದಲು ಬರುವುದು ನ್ಯಾಯವೇ. ಅಲ್ಲಿಂದ 2000ದಲ್ಲಿ ಕ್ವಾಲಿಸ್ ಹೊರಬಂತು. 2005ರಲ್ಲಿ ಇನ್ನೋವಾ ಅದರ ಜಾಗಕ್ಕೆ ಬಂತು. ಎರಡೂವರೆ ಲೀಟರಿನ ಎಂಜಿನ್ನು, ಗಜಗಾಂಭೀರ್ಯದ ನಡೆ. ಆದರೆ ಅದರ ಬೆಲೆಯೂ ಗಜಗಾತ್ರದ್ದೇ. ಸಂಬಳದವನ ಕೈಗೆ ಎಟುಕುವಂಥದಲ್ಲ. 2012ರ ಏಪ್ರಿಲಿನಲ್ಲಿ ಮಾರುತಿ ಸುಜುಕಿಯವರ ಎರ್ಟಿಗಾ ಪೇಟೆಗೆ ಬಂದಿತ್ತು. ಎರಡು, ಮೂರು, ಎರಡು — ಹೀಗೆ ಮೂರು ಸಾಲಿನ ಏಳು ಆಸನಗಳು. ನಾಲ್ಕೂಕಾಲು ಮೀಟರಿಗೆ ತುಸು ಮೇಲೆ ಉದ್ದ. ಪುಟ್ಟ ಕಾರಿನಂತೆ ಮೈಯೂ ಚೌಕಟ್ಟೂ ಒಂದೇ ಆಗಿ ಬೆಸೆದ ರಚನೆಯಾದ್ದರಿಂದ ನೆಲಗಟ್ಟು ತಗ್ಗು. ಮಾರಾಟದ ಮಳಿಗೆಯಲ್ಲಿ ನಾನು ಎಂಜಿನ್ನನ್ನು ನೋಡುವ ಮೊದಲು ನಡುಸಾಲಿನ ಬಾಗಿಲನ್ನು ತೆರೆದು, ಬೆನ್ನು ತಿರುಗಿಸಿ, ಮುದುಕಿಯಂತೆ ಕುಳಿತು, ಕಾಲುಗಳನ್ನು ಒಂದೊಂದಾಗಿ ಒಳಕ್ಕೆ ಎಳೆದುಕೊಂಡು ನೋಡಿದೆ. ಆಸನ ಸರಿಯಾಗಿ ಸೊಂಟದ ಮಟ್ಟಕ್ಕಿತ್ತು. ಮಳಿಗೆಯ ಹುಡುಗ ನನ್ನನ್ನು ವಿಚಿತ್ರವಾಗಿ ನೋಡಿದ. ವ್ಯಾಪಾರ ಅಲ್ಲಿಗೇ ಮುಗಿದಿತ್ತೆಂಬುದು ಅವನಿಗೆ ಹೇಗೆ ತಿಳಿಯಬೇಕು!

ಎಂಜಿನ್ನಿನ ಮಾತನ್ನೂ ಎರಡು ವಾಕ್ಯದಲ್ಲಿ ಹೇಳದಿದ್ದರೆ ಗಂಡಸು ಓದುಗರು ಮುನಿದಾರು. ಅದು ಇಟಲಿಯ ಫಿಯಾಟ್ ವಂಶದ ಡೀಸೆಲ್ ಯಂತ್ರ. 2003ರಲ್ಲಿ ಯೂರೋಪಿನಲ್ಲಿ ಹುಟ್ಟಿ, ಆಮೇಲೆ ನಮ್ಮ ದೇಶದ ಹಲವು ಸಂಸ್ಥೆಗಳ ಕಾರುಗಳ ಮೂಗಿನೊಳಗೆ ಸೇರಿಕೊಂಡಿತು. ಗಾತ್ರ 1,248 ಘನ ಸೆಂಟಿಮೀಟರ್ ಮಾತ್ರ. ಶಕ್ತಿ 90 ಅಶ್ವಬಲ. ತಿರುಚುವ ಬಲ 200 ನ್ಯೂಟನ್ ಮೀಟರ್, ಅದೂ ನಿಮಿಷಕ್ಕೆ 1,750 ಸುತ್ತುಗಳಷ್ಟು ಕೆಳಗೇ ದೊರೆಯುತ್ತದೆ. ಅಂದಿನ ದಿನಗಳಲ್ಲಿ ಪೆಟ್ರೋಲಿಗೂ ಡೀಸೆಲ್ಲಿಗೂ ಲೀಟರಿಗೆ ಇಪ್ಪತ್ತು ರೂಪಾಯಿಗೆ ಮಿಕ್ಕ ಅಂತರ. ನನ್ನಂಥವನಿಗೆ ಡೀಸೆಲ್ಲೇ ದೇವರು. 2014ರ ಅಕ್ಟೋಬರಿನಲ್ಲಿ ಸರ್ಕಾರವು ಡೀಸೆಲ್ ಬೆಲೆಯ ಮೇಲಿನ ಹಿಡಿತವನ್ನು ಕೈಬಿಟ್ಟಿತು; ಆ ಮೇಲೆ ಅಂತರ ಕುಗ್ಗುತ್ತ ಬಂತು. 2020ರ ಏಪ್ರಿಲಿನಿಂದ ಭಾರತ್ ಆರನೆಯ ಹಂತದ ಹೊಗೆಯ ನಿಯಮ ಜಾರಿಗೆ ಬಂದಾಗ ಮಾರುತಿಯವರು ಡೀಸೆಲ್ ಕಾರುಗಳನ್ನು ಮಾಡುವುದನ್ನೇ ನಿಲ್ಲಿಸಿದರು. ಆದ್ದರಿಂದ ನನ್ನ ಗಾಡಿ ಈಗ ಸಂತಾನವಿಲ್ಲದ ಹಿರಿಯನಂತೆ. ಒಂದೂವರೆ ಲಕ್ಷ ಕಿಲೋಮೀಟರನ್ನು ದಾಟಿಯೂ ಬೆಳಗಿನ ಚಳಿಯಲ್ಲಿ ಒಂದೇ ಕೂಗಿಗೆ ಏಳುತ್ತದೆ.

ಇರಲಿ. 2015ರ ಡಿಸೆಂಬರಿನ ಕೊನೆಯ ವಾರದಲ್ಲಿ ನಾನು, ನನ್ನಾಕೆ, ಹದಿನಾಲ್ಕರ ಮಗಳು, ಹತ್ತರ ಮಗ — ನಾಲ್ವರೂ ಮಳಗಿಗೆ ಹೊರಟೆವು. ಬೆಂಗಳೂರಿನಿಂದ ಹಾವೇರಿಯವರೆಗಿನ ಹೆದ್ದಾರಿಯ ಬಗ್ಗೆ ಬರೆಯಲು ಏನೂ ಇಲ್ಲ. ನೇರವಾದ ದಾರಿಯಲ್ಲಿ ಯಾವ ಗಾಡಿಯೂ ಜಾಣನೇ. ಹಿಂದಿನ ಸಾಲನ್ನು ಮಡಿಸಿಟ್ಟಿದ್ದೆವಾಗಿ ಅಲ್ಲೊಂದು ಸಣ್ಣ ಕೋಣೆಯೇ ಆಗಿತ್ತು. ಹಾಸಿಗೆ, ಪೆಟ್ಟಿಗೆ, ತಾಯಿಯವರಿಗೆಂದು ಕೊಂಡ ಬೆತ್ತದ ಕುರ್ಚಿ, ಎಲ್ಲವೂ ಅಲ್ಲಿ ಕುಳಿತವು. ಹಾವೇರಿಯಲ್ಲಿ ಹೆದ್ದಾರಿಯನ್ನು ಬಿಟ್ಟು ಹಾನಗಲ್ಲಿನ ಮೇಲೆ ಹಾಯ್ದು, ಹೊತ್ತು ಇಳಿಯುವ ಮುಂಚೆ ಊರನ್ನು ಸೇರಿದೆವು. ಲೆಕ್ಕ ಹಾಕಿ ನೋಡಿದರೆ ಲೀಟರಿಗೆ ಹತ್ತೊಂಬತ್ತು ಕಿಲೋಮೀಟರ್ ಬಿದ್ದಿತ್ತು. ಈ ಲೆಕ್ಕವನ್ನು ಅಣ್ಣನಿಗೆ ಹೇಳಿ ಬೆನ್ನು ತಟ್ಟಿಸಿಕೊಳ್ಳಬೇಕೆಂಬ ಆಸೆ ನನಗೆ.

ಮರುದಿನ ನಸುಕಿನಲ್ಲಿ ಗೋಕರ್ಣಕ್ಕೆ ಹೊರಡುವುದೆಂದು ಮೊದಲೇ ನಿಶ್ಚಯವಾಗಿತ್ತು. ತಾಯಿಯವರು, ಅಣ್ಣ, ವೈನಿ, ನಾವು ನಾಲ್ವರು: ಎಣಿಸಿದರೆ ಸರಿಯಾಗಿ ಏಳು. ಈ ಏಳರ ಲೆಕ್ಕದ ಮೇಲೆಯೇ ನಾನು ಗಾಡಿಯನ್ನು ಕೊಂಡಿದ್ದೆ. ರಾತ್ರಿಯ ಊಟದ ಹೊತ್ತಿಗೆ ತಾಯಿಯವರು, ಉಪ್ಪಿನಕಾಯಿಯನ್ನು ಬಡಿಸುವಷ್ಟು ಸಹಜವಾಗಿ, "ಸಣ್ಣಜ್ಜಿಗೂ ಹೇಳೇನಿ. ನಸುಕಿನ್ಯಾಗ ಬರತಾಳ" ಎಂದುಬಿಟ್ಟರು.

ಸಣ್ಣಜ್ಜಿ ನಮ್ಮ ಬಂಧುವಲ್ಲ. ನಮ್ಮ ಗದ್ದೆಯಲ್ಲಿ ಕಳೆ ಕಿತ್ತವಳು, ನಮ್ಮ ಕೊಟ್ಟಿಗೆಯಲ್ಲಿ ಸಗಣಿ ಬಾಚಿದವಳು. ನಮ್ಮ ತಾಯಿಯವರ ಬಾಣಂತನಗಳಲ್ಲಿ ರಾತ್ರಿಗಟ್ಟಲೆ ನಮ್ಮನ್ನು ಕಾಲಮೇಲೆ ಹಾಕಿಕೊಂಡು ಕುಳಿತವಳು. ತಾಯಿಯವರಿಗಿಂತ ನಾಲ್ಕು ವರುಷ ಕಿರಿಯಳಿರಬೇಕು. ಹುಟ್ಟಿದಂದಿನಿಂದ ಕಡಲಿಗೆ ನೂರು ಕಿಲೋಮೀಟರಿನ ಅಳತೆಯಲ್ಲಿ ಬಾಳಿದವಳು ಒಮ್ಮೆಯೂ ಕಡಲನ್ನು ನೋಡಿರಲಿಲ್ಲ. ನೋಡಿಲ್ಲವೆಂಬುದು ಆ ರಾತ್ರಿಯವರೆಗೆ ನಮಗಾರಿಗೂ ತಿಳಿದಿರಲಿಲ್ಲ, ಯಾರೂ ಕೇಳಿರಲಿಲ್ಲ.

"ಅವ್ವಾ, ಗಾಡಿಯಲ್ಲಿ ಏಳೇ ಜಾಗ" ಎಂದೆ.

"ಹುಡುಗನ್ನ ತೊಡೀ ಮ್ಯಾಲೆ ಕೂಡಿಸಿಕೊಂಡರಾತು."

ಇಲ್ಲಿ ನಾನು ಹಟ ಹಿಡಿದೆನೆಂಬುದನ್ನು ಮುಚ್ಚಿಡುವುದಿಲ್ಲ. ಗಾಡಿಯ ದಾಖಲೆಯಲ್ಲಿ ಚಾಲಕನೂ ಸೇರಿ ಏಳು ಮಂದಿಯೆಂದು ಬರೆದಿದೆ; ಒಳಗಿರುವ ಪಟ್ಟಿಗಳೂ ಏಳು. ತೊಡೆಯ ಮೇಲೆ ಕುಳಿತ ಮಗುವನ್ನು ಯಾವ ಪಟ್ಟಿಯೂ ಹಿಡಿಯುವುದಿಲ್ಲ. ತಿರುವಿನಲ್ಲಿ ಗಟ್ಟಿಯಾಗಿ ಬ್ರೇಕು ಒತ್ತಿದರೆ ತಾಯ ತೋಳು ಅದನ್ನು ತಡೆದೀತೆಂಬುದು ಭ್ರಮೆ. ಅದರ ಮೇಲೆ ನಾವು ಇಳಿಯಬೇಕಾದದ್ದು ದೇವಿಮನೆಯ ಘಟ್ಟ. ಗಾಡಿಯ ಸ್ವಂತ ತೂಕ ಹನ್ನೆರಡು ಕ್ವಿಂಟಲಿಗೆ ಮೇಲೆ. ಏಳು ಜನ ಕುಳಿತರೆ ಅದರ ಮೂರನೆಯ ಒಂದು ಪಾಲು ಭಾರ ಹೆಚ್ಚುತ್ತದೆ. ಇದನ್ನೆಲ್ಲ ನಾನು ವಕೀಲನಂತೆ ಮಂಡಿಸಿದೆ. ಅಣ್ಣ ಕೈತೊಳೆಯುತ್ತ, "ಹಿಂದಕ್ಕ ಇದೇ ಮನ್ಯಾಗಿಂದ ಟ್ರ್ಯಾಕ್ಸಿನಾಗ ಹದಿನೈದು ಮಂದಿ ಶಿರಸಿ ಜಾತ್ರಿಗೆ ಹೋಗಿಲ್ಲೇನು?" ಎಂದ. ಹೋಗಿದ್ದೆವು, ನಿಜ. ಆ ಗಾಡಿಗಳಲ್ಲಿ ಜನರನ್ನು ಎಣಿಸುವ ಪದ್ಧತಿಯೇ ಇರಲಿಲ್ಲ. ಸರಿದು ಕುಳಿತರೆ ಇನ್ನೊಬ್ಬರಿಗೆ ಎಡೆಯಿರುತ್ತಿತ್ತು. ಬಿಡಿಬಿಡಿಯಾದ ಆಸನಗಳು ಬಂದಂದಿನಿಂದ ಮನುಷ್ಯರೂ ಅಂಕೆಗೆ ಸಿಕ್ಕಿದರು. ಇದು ಒಳ್ಳೆಯದೇ. ಆದರೆ ಒಳ್ಳೆಯದನ್ನು ಅಂದು ರಾತ್ರಿ ಒಬ್ಬ ಮುದುಕಿಗೆ ಹೇಗೆ ಹೇಳುವುದು?

ತಾಯಿಯವರು ತಟ್ಟೆಯನ್ನು ಸರಿಸಿ, "ಹಂಗಾದರ ನಾ ಇಲ್ಲೇ ಇರತೀನಿ. ನೀವು ಹೋಗಿ ಬರ್ರಿ" ಎಂದರು. ಸ್ವರವನ್ನು ಏರಿಸಲಿಲ್ಲ. ಅವರು ಸ್ವರ ಏರಿಸದಿದ್ದಾಗ ಆ ಮನೆಯಲ್ಲಿ ಮಾತು ಮುಗಿದಿದೆಯೆಂದೇ ಅರ್ಥ.

ಅಣ್ಣ ಹೊರಗೆ ಹೋಗಿ ಕೊಟ್ಟಿಗೆಯನ್ನು ಒಮ್ಮೆ ಸುತ್ತಿ ಬಂದ. "ನನಗ ಬರಲಿಕ್ಕೆ ಆಗೂದಿಲ್ಲ. ಆಕಳಾ ಹಿಂಡವರು ಯಾರು?" ಎಂದ. ಹಾಲು ಕರೆಯುವುದಕ್ಕೆ ನೆರೆಯ ಹುಡುಗನೊಬ್ಬನನ್ನು ಅವನು ಹಿಂದಿನ ದಿನವೇ ಗೊತ್ತುಮಾಡಿದ್ದನೆಂಬುದು ನನಗೂ ಗೊತ್ತಿತ್ತು, ವೈನಿಗೂ ಗೊತ್ತಿತ್ತು. ಒಗೆದು ಮಡಿಸಿಟ್ಟ ಅವನ ಧೋತರ ಗೂಟದ ಮೇಲಿತ್ತು. ನಾನು ಏನೂ ಹೇಳಲಿಲ್ಲ. ಹೇಳಬೇಕಾಗಿತ್ತು.

ನಸುಕಿನ ಐದು ಗಂಟೆಗೆ ಹೊರಟೆವು. ಈಗ ಕೂರುವ ಕ್ರಮವೂ ಒಂದು ಶಾಸ್ತ್ರ. ಮೂರನೆಯ ಸಾಲು ಹಿಂದಿನ ಗಾಲಿಗಳ ನೆತ್ತಿಯ ಮೇಲೆ ಬರುತ್ತದೆ; ಗುಂಡಿಯ ಏಟು ಮೊದಲು ಮುಟ್ಟುವುದು ಅಲ್ಲಿಗೆ, ತಿರುವಿನ ತೂಗಾಟ ಹೆಚ್ಚುವುದೂ ಅಲ್ಲಿಯೇ. ಆ ಸಾಲನ್ನು ಎಳೆಯ ಎಲುಬಿನವರಿಗೆ ಬಿಡಬೇಕು. ಮಕ್ಕಳಿಬ್ಬರೂ ನಡುಸಾಲಿನ ಆಸನವನ್ನು ಮುಂದಕ್ಕೆ ಬಾಗಿಸಿ, ಮಂಗಗಳಂತೆ ನುಸುಳಿ ಹಿಂದೆ ಕುಳಿತರು. ನಡುವಿನ ಸಾಲಿನಲ್ಲಿ ಎಡಗಡೆಗೆ ತಾಯಿಯವರು, ಬಲದ ಕಿಟಕಿಗೆ ಸಣ್ಣಜ್ಜಿ, ಇಬ್ಬರ ಮಧ್ಯೆ ವೈನಿ. ನಡುಸಾಲು ಹಿಂದೆಮುಂದೆ ಜರುಗುವಂಥದಾದ್ದರಿಂದ ತಾಯಿಯವರ ಭಾಗವನ್ನು ಹಿಂದಕ್ಕೆ ಸರಿಸಿ ಕಾಲನ್ನು ನೀಡಲು ಎಡೆ ಮಾಡಿದೆ. ಅವರು ಕುಳಿತ ಬಗೆಯನ್ನು ನೋಡಬೇಕಾಗಿತ್ತು! ಬೆನ್ನು ತಿರುಗಿಸಿದರು, ಕುಳಿತರು, ಕಾಲನ್ನೆಳೆದುಕೊಂಡರು. ಎರಡು ವರುಷದ ಹಿಂದೆ ನಾನು ಮಳಿಗೆಯಲ್ಲಿ ಅಭಿನಯಿಸಿದ್ದಂತೆಯೇ. ಯಾರ ಕೈಯನ್ನೂ ಹಿಡಿಯಲಿಲ್ಲ.

ಇನ್ನು ಸಾಮಾನು. ಏಳೂ ಆಸನಗಳನ್ನು ಬಿಡಿಸಿದರೆ ಹಿಂದೆ ಉಳಿಯುವುದು 135 ಲೀಟರಿನಷ್ಟೇ ಜಾಗ. ಎರಡು ಕೈಚೀಲ, ಒಂದು ನೀರಿನ ಕೊಡ ಹಿಡಿಸಿದರೆ ಹೆಚ್ಚು. ಏಳು ಜನರ ಗಾಡಿಯೆಂಬುದು ನಿಜ, ಏಳು ಜನರ ಮೂಟೆಗಳ ಗಾಡಿಯೆಂಬುದು ಮಾತ್ರ ನಿಜವಲ್ಲ. ಇದು ಈ ಜಾತಿಯ ಚಿಕ್ಕ ಗಾಡಿಗಳಿಗೆಲ್ಲ ಸಾಮಾನ್ಯ. ಕೊಳ್ಳುವವರು ಮೊದಲೇ ಅರಿತಿದ್ದರೆ ಲೇಸು. ಹೋಳಿಗೆಯ ಡಬ್ಬಿ ವೈನಿಯ ಕಾಲ ಕೆಳಗೆ, ಬುತ್ತಿಯ ಗಂಟು ನನ್ನಾಕೆಯ ಮಡಿಲಲ್ಲಿ, ಬಟ್ಟೆಗಳು ಮಕ್ಕಳ ಪಾದದಡಿಯಲ್ಲಿ.

ಶಿರಸಿಯನ್ನು ದಾಟುವಾಗ ಬೆಳಕು ಹರಿಯಿತು. ಅಲ್ಲಿಂದ ರಾಗಿಹೊಸಳ್ಳಿ, ಬಂಡಲಗಳವರೆಗೆ ರಸ್ತೆಯು ಕಾಡಿನೊಳಗೆ ಹೊಕ್ಕು ಹೊರಡುತ್ತದೆ. ಆ ದಾರಿಯನ್ನು ಅಗಲ ಮಾಡುವ ಕೆಲಸ ಆಗಿನ್ನೂ ಆರಂಭವಾಗಿರಲಿಲ್ಲ. ಎದುರಿಗೆ ಬಸ್ಸು ಬಂದರೆ ಒಂದು ಗಾಲಿಯನ್ನು ಮಣ್ಣಿಗಿಳಿಸಲೇಬೇಕು. ದೇವಿಮನೆಯಲ್ಲಿ ಗುಡಿಯ ಮುಂದೆ ನಿಂತು ಕಾಯಿ ಒಡೆಸಿದೆವು. ಈ ಕಣಿವೆಯ ಕಾಡುಗಳು ಸಿಂಗಳೀಕದ ಬೀಡು. ಅಘನಾಶಿನಿಯ ಕಣಿವೆಯ ಒಂದು ಭಾಗವನ್ನು 2011ರಲ್ಲಿ ಅವುಗಳಿಗೆಂದೇ ಸಂರಕ್ಷಿತ ಮೀಸಲೆಂದು ಸಾರಿದ್ದಾರೆ. ಮಕ್ಕಳಿಗೆ ತೋರಿಸುವೆನೆಂದು ದೊಡ್ಡ ಮಾತಾಡಿದ್ದೆ. ನಮ್ಮ ಪಾಲಿಗೆ ಬಂದವು ಬಾಳೆಹಣ್ಣನ್ನು ಕಸಿಯುವ ಸಾಮಾನ್ಯ ಮಂಗಗಳು.

ಶಿರಸಿಯ ಪ್ರಸ್ಥಭೂಮಿ ಸಮುದ್ರದಿಂದ ಸುಮಾರು ಆರುನೂರು ಮೀಟರ್ ಎತ್ತರದಲ್ಲಿದೆ. ಆ ಎತ್ತರದ ಬಹುಭಾಗವನ್ನು ದೇವಿಮನೆಯಿಂದ ಕತಗಾಲದವರೆಗಿನ ತಿರುವುಗಳಲ್ಲಿ ತೀರಿಸಬೇಕು. ಇಳಿಯುವಾಗ ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಹೋದರೆ ಅದು ಕಾದು ಸೋಲುತ್ತದೆ. ಏರುವುದಕ್ಕೆ ಬೇಕಾದ ಗೇರಿನಲ್ಲಿಯೇ ಇಳಿಯಬೇಕೆಂಬುದು ಹಳೆಯ ಲಾರಿ ಚಾಲಕರ ಸೂತ್ರ. ಎರಡನೆಯ ಗೇರಿಗೆ ಹಾಕಿ ಬಿಟ್ಟೆ. ಗಾಡಿ ಹಗ್ಗ ಹಿಡಿದ ಎತ್ತಿನಂತೆ ತನ್ನನ್ನು ತಾನೇ ತಡೆದುಕೊಂಡು ಇಳಿಯಿತು. ಚಕ್ರದಂಡ ಹಗುರ, ತಿರುಗುವ ವೃತ್ತ ಚಿಕ್ಕದು, ಎಂಥ ಮುರುಕು ತಿರುವಿನಲ್ಲಿಯೂ ಒಂದೇ ಸಲಕ್ಕೆ ಹೊರಳಿತು. ಹಿಂದಿನಿಂದ ಮಗ, "ಅಪ್ಪಾ, ಹೊಟ್ಟೆ ತೊಳಸುತ್ತೆ" ಎಂದ. ಸಣ್ಣಜ್ಜಿ ತನ್ನ ಸೆರಗಿನ ಗಂಟಿನಿಂದ ಶುಂಠಿಯ ಚೂರೊಂದನ್ನು ತೆಗೆದು ಹಿಂದಕ್ಕೆ ಚಾಚಿದಳು. ಆ ಒಂದು ಚೂರು ಶುಂಠಿ ಮಾಡಿದ ಕೆಲಸವನ್ನು ಗಾಡಿಯ ಛಾವಣಿಯಿಂದ ಬೀಸುವ ತಂಪುಗಾಳಿ ಮಾಡಿರಲಿಲ್ಲ.

ಕತಗಾಲದಲ್ಲಿ ನೆಲ ಸಮವಾಯಿತು, ಗಾಳಿ ಬೆಚ್ಚಗಾಯಿತು. ದಿವಗಿಯಲ್ಲಿ ಕರಾವಳಿಯ ಹೆದ್ದಾರಿಯನ್ನು ಹಿಡಿದು, ಅಘನಾಶಿನಿಯ ಸೇತುವೆಯನ್ನು ದಾಟಿ, ಮಿರ್ಜಾನದ ಕೋಟೆಯನ್ನು ಕಿಟಕಿಯಿಂದಲೇ ಕೈಮಾಡಿ ತೋರಿಸಿ, ಮಾದನಗೇರಿಯಲ್ಲಿ ಗೋಕರ್ಣಕ್ಕೆ ಹೊರಳಿದೆವು.

ಮಹಾಬಲೇಶ್ವರನ ದರ್ಶನದ ಸಾಲು ಆ ದಿನ ಉದ್ದವಾಗಿತ್ತು. ತಾಯಿಯವರು ಗೋಡೆಯನ್ನು ಹಿಡಿದುಕೊಂಡು ನಿಂತರೇ ಹೊರತು ಕೂರಲೊಪ್ಪಲಿಲ್ಲ. ದರ್ಶನವಾದ ಮೇಲೆ ಎಲ್ಲರೂ ಕಡಲ ಕಡೆಗೆ ನಡೆದೆವು. ಮರಳಿನಲ್ಲಿ ತಾಯಿಯವರ ಕಾಲು ಹೂತುಹೋಗುತ್ತಿತ್ತು. ಮಗಳೂ ನನ್ನಾಕೆಯೂ ಎರಡು ಕಡೆಗೆ ಹಿಡಿದರು. ಸಣ್ಣಜ್ಜಿ ಮಾತ್ರ ಯಾರನ್ನೂ ಕಾಯದೆ ಮುಂದೆ ಹೋದಳು. ನೀರಂಚಿಗೆ ಹತ್ತು ಮಾರು ಇರುವಾಗ ನಿಂತುಬಿಟ್ಟಳು. ಬಹಳ ಹೊತ್ತು ನಿಂತಿದ್ದಳು. ಆ ಮೇಲೆ ಬಗ್ಗಿ, ಬಂದ ತೆರೆಯಲ್ಲಿ ಬೆರಳನ್ನದ್ದಿ ನಾಲಗೆಗೆ ಮುಟ್ಟಿಸಿಕೊಂಡು, ನನ್ನ ಕಡೆಗೆ ತಿರುಗಿ ಕೇಳಿದಳು:

"ನಮ್ಮ ಧರ್ಮಾದ ನೀರು ಇದರಾಗ ಯಾ ಕಡಿಂದ ಬರತೈತಿ?"

ಸುಳ್ಳು ಹೇಳಿಬಿಡೋಣವೆಂದು ಒಂದು ಕ್ಷಣ ಅನ್ನಿಸಿತು. ಕೈ ತೋರಿಸಲು ದಿಕ್ಕುಗಳಿಗೇನು ಕೊರತೆ! ಆದರೂ ಇದ್ದುದನ್ನೇ ಹೇಳಿದೆ. ನಮ್ಮ ನೀರು ಇಲ್ಲಿಗೆ ಬರುವುದಿಲ್ಲ. ಅದು ಮೂಡಣದ ಬೇರೊಂದು ಸಮುದ್ರಕ್ಕೆ ಹೋಗುತ್ತದೆ. ಅದು ಬಲು ದೂರ. ಸಣ್ಣಜ್ಜಿ ಇದನ್ನು ತುಸು ಹೊತ್ತು ಮನಸ್ಸಿನಲ್ಲಿ ಹೊರಳಿಸಿ ನೋಡಿದಳು.

"ಹಂಗಾದರ ಅದನ್ನೂ ಒಮ್ಮೆ ನೋಡಬೇಕಾತಲ್ಲಾ" ಎಂದಳು.

ತಾಯಿಯವರು ನಕ್ಕ ನಗೆಗೆ ಅಕ್ಕಪಕ್ಕದ ಯಾತ್ರಿಕರು ತಿರುಗಿ ನೋಡಿದರು. ನಗು ಮುಗಿದ ಮೇಲೆ ಅವರು ಸುತ್ತ ಕಣ್ಣಾಡಿಸಿ, "ದೊಡ್ಡಾಂವ ಎಲ್ಲಿ?" ಎಂದು ಅಣ್ಣನನ್ನು ಕೇಳಿದರು. ಮರುಕ್ಷಣವೇ ನೆನಪಾಗಿ ಸುಮ್ಮನಾದರು.

ಮರಳುವ ದಾರಿಯಲ್ಲಿ ಗಾಡಿಗಿಂತ ಚಾಲಕನಿಗೇ ಹೆಚ್ಚಿನ ಪರೀಕ್ಷೆಯಾಯಿತು. ಚಿಕ್ಕ ಡೀಸೆಲ್ ಎಂಜಿನ್ನುಗಳಿಗೆಲ್ಲ ಒಂದು ಗುಣವಿದೆ. ಹೊರಹೋಗುವ ಹೊಗೆಯ ರಭಸದಿಂದಲೇ ಒಂದು ಪುಟ್ಟ ಗಾಳಿಯಂತ್ರ ತಿರುಗಿ, ಅದು ಹೆಚ್ಚಿನ ಗಾಳಿಯನ್ನು ಎಂಜಿನ್ನಿಗೆ ಊಡುತ್ತದೆ. ಆಗಲೇ ಅದಕ್ಕೆ ಪೂರ್ಣ ಬಲ. ಸುತ್ತುಗಳು ಎರಡು ಸಾವಿರದ ಹತ್ತಿರ ಇರುವತನಕ ಅದು ಮದವೇರಿದ ಹೋರಿ. ಸಾವಿರದ ಐನೂರರ ಕೆಳಗಿಳಿಯಿತೋ, ಮಲಗಿ ಮೆಲುಕು ಹಾಕುವ ಎತ್ತು. ಬಯಲಿನಲ್ಲಿ ಇದು ಅರಿವಿಗೂ ಬರುವುದಿಲ್ಲ. ಏಳು ಜನ, ಗೋಕರ್ಣದಲ್ಲಿ ಕೊಂಡ ಹನ್ನೆರಡು ತೆಂಗಿನಕಾಯಿ, ಎದುರಿಗೆ ಕಡಿದಾದ ಘಟ್ಟ. ಈಗ ಅರಿವಿಗೆ ಬಂತು. ಕತಗಾಲದಿಂದ ಏರಿ ಐದಾರು ತಿರುವುಗಳಾಗಿರಬೇಕು. ಮೇಲಿನಿಂದ ಲಾರಿಯೊಂದು ಇಳಿಯಿತು. ನಾನು ಎಡಕ್ಕೆ ಒತ್ತಿ ನಿಂತೆ. ಲಾರಿ ಹೋಯಿತು. ಅವಸರದಲ್ಲಿ ಎರಡನೆಯ ಗೇರಿನಲ್ಲಿಯೇ ಎತ್ತಹೋದೆ. ಎಂಜಿನ್ನು ಒಮ್ಮೆ ನಡುಗಿ ನಿಂತೇಹೋಯಿತು. ಮತ್ತೆ ಎಬ್ಬಿಸಿ, ಕ್ಲಚ್ಚನ್ನು ಅರ್ಧ ಹಿಡಿದು ಗುದ್ದಾಡಿದೆ. ಸುಟ್ಟ ವಾಸನೆ ಬಂತು. ಹಿಂದೆ ಬಸ್ಸು ಬಂದು ಕೂಗುಹಾಕತೊಡಗಿತು. ತಪ್ಪು ಪೂರ್ತಿಯಾಗಿ ನನ್ನದೇ. ಗಾಡಿಯ ಪಾಲು ಅದರಲ್ಲಿ ಎಳ್ಳಷ್ಟೂ ಇಲ್ಲ.

ಆಗ ನಡುಸಾಲಿನಿಂದ ಸಣ್ಣಜ್ಜಿಯ ಸ್ವರ: "ನಾ ಇಳದು ನಡಕೊಂತ ಬರತೀನಿ ತಮ್ಮಾ, ಭಾರ ಕಡಿಮಿ ಆದೀತು." ಆಕೆ ಬಾಗಿಲಿನ ಹಿಡಿಯನ್ನು ತಡಕುತ್ತಿದ್ದಳು.

ಆ ಮಾತು ನನಗೆ ಎಲ್ಲಿ ತಾಗಿತೆಂದು ವಿವರಿಸಲಾರೆ. ಹಿಂದಿನ ರಾತ್ರಿಯ ನನ್ನ ಭಾರದ ಲೆಕ್ಕಾಚಾರವನ್ನು ಯಾರೋ ಆಕೆಗೆ ಹೇಳಿರಬೇಕು. "ಯಾರೂ ಇಳಿಯಬೇಕಾಗಿಲ್ಲ" ಎಂದು ಗದರಿದಂತೆಯೇ ಹೇಳಿದೆ. ಕೈಬ್ರೇಕನ್ನು ಎಳೆದೆ, ಉಸಿರನ್ನು ಬಿಟ್ಟೆ, ಒಂದನೆಯ ಗೇರಿಗೆ ಹಾಕಿದೆ. ಸುತ್ತು ಎರಡು ಸಾವಿರಕ್ಕೆ ಏರಿದ ಮೇಲೆ ಬ್ರೇಕನ್ನು ಮೆಲ್ಲನೆ ಸಡಿಲಿಸಿದೆ. ಗಾಡಿ ಒಂದು ಗೇಣೂ ಹಿಂದಕ್ಕೆ ಜಾರದೆ, ಏಳೂ ಜನರನ್ನೂ ಹನ್ನೆರಡು ತೆಂಗಿನಕಾಯಿಗಳನ್ನೂ ಹೊತ್ತು ಏರತೊಡಗಿತು. ಮೇಲಿನ ಗುಡಿಯವರೆಗೆ ಮತ್ತೆಲ್ಲೂ ತಡೆಯಲಿಲ್ಲ. ಶೀತಕದ ಬಿಸಿ ಸೂಚಿಸುವ ಗುರುತು ಅರ್ಧವನ್ನು ದಾಟಲಿಲ್ಲ. ಆ ದಿನದ ಇಡೀ ಪ್ರಯಾಣಕ್ಕೆ ಬಿದ್ದದ್ದು ಲೀಟರಿಗೆ ಹದಿನೈದು ಕಿಲೋಮೀಟರ್. ಘಟ್ಟ ಕುಡಿದದ್ದು ನಾಲ್ಕು. ನ್ಯಾಯವಾದ ಸುಂಕವೆಂದೇ ನನ್ನ ಅಭಿಪ್ರಾಯ.

ಮನೆ ಮುಟ್ಟಿದಾಗ ರಾತ್ರಿ ಎಂಟಾಗಿತ್ತು. ಅಣ್ಣ ಅಂಗಳದಲ್ಲಿ ದೀಪ ಹಚ್ಚಿ ನಿಂತಿದ್ದ. ತಾಯಿಯವರು ಪ್ರಸಾದವನ್ನು ಮೊದಲು ಅವನ ಕೈಗೆ ಕೊಟ್ಟರು. ಸಣ್ಣಜ್ಜಿ ಒಂದು ಬಾಟಲಿಯಲ್ಲಿ ಕಡಲನೀರನ್ನು ತುಂಬಿ ತಂದಿದ್ದಳು; ಅವನಿಗೂ ಒಂದು ಹನಿಯ ರುಚಿ ತೋರಿಸಿ, ಮುಖ ಕಿವುಚಿದ್ದನ್ನು ಕಂಡು ಚಪ್ಪಾಳೆ ತಟ್ಟಿದಳು.

ಮರುದಿನ ಬೆಳಗ್ಗೆ ಹಾಲು ಕರೆದಾದ ಮೇಲೆ ನಾನು ಅಣ್ಣನನ್ನು, "ಬಾ, ಒಡ್ಡಿನವರೆಗೆ ಹೋಗಿ ಬರೋಣ" ಎಂದು ಕರೆದೆ. ಅವನು ಕಾಲು ತೊಳೆದುಕೊಂಡು ಬಂದು ಮುಂದಿನ ಆಸನದಲ್ಲಿ ನೆಟ್ಟಗೆ ಕುಳಿತ. ಹಿಂದೆ ಐದು ಆಸನಗಳು ಖಾಲಿ. ಆ ವರ್ಷ ಮಳೆ ಕಡಿಮೆ. ಜಲಾಶಯದ ಅಂಚಿನ ಕೆಸರು ಒಣಗಿ ಬಿರಿದಿತ್ತು, ನಡುವೆ ಮಾತ್ರ ನೀಲಿ. ಒಂದಷ್ಟು ಬೆಳ್ಳಕ್ಕಿ. ಎಷ್ಟು ಎಣ್ಣೆ ಕುಡಿಯುತ್ತದೆಂದು ಕೇಳಿದ. ಹತ್ತೊಂಬತ್ತೆಂದೂ ಹದಿನೈದೆಂದೂ ಎರಡು ಲೆಕ್ಕವನ್ನೂ ಹೇಳಿದೆ. ತಲೆದೂಗಿದ. ಬೆನ್ನು ತಟ್ಟಲಿಲ್ಲ.

ಇಳಿದು ಗಾಡಿಯ ಸುತ್ತ ಒಮ್ಮೆ ಬಂದ. ಗಾಲಿಯನ್ನು ಕಾಲಿನಿಂದ ಒತ್ತಿ ನೋಡಿದ. ಮಕ್ಕಳು ಮಾಡುತ್ತಿದ್ದುದನ್ನು ಎಲ್ಲಿ ನೋಡಿಟ್ಟುಕೊಂಡಿದ್ದನೋ, ನಡುಸಾಲಿನ ಆಸನವನ್ನು ಸರಕ್ಕನೆ ಮುಂದಕ್ಕೆ ಬಾಗಿಸಿ, ತನ್ನ ಆರಡಿಯ ಮೈಯನ್ನು ಮುದುರಿ ಕಟ್ಟಕಡೆಯ ಸಾಲಿಗೆ ನುಗ್ಗಿ ನಡುವೆ ಕುಳಿತ. ತಲೆ ಛಾವಣಿಗೆ ತಾಗುತ್ತಿತ್ತು. ಮೊಣಕಾಲುಗಳು ಗದ್ದಕ್ಕೆ ಬಂದಿದ್ದವು.

"ಹುಡುಗರ ನಡುವೆ ನಾ ಹಿಡೀತಿದ್ದೆನಲ್ಲೋ ತಮ್ಮಾ" ಎಂದ.

ಮುಂದೆ ಬಾ ಎಂದು ಎರಡು ಬಾರಿ ಕರೆದೆ. ಬರಲಿಲ್ಲ. ಮನೆ ಬರುವವರೆಗೂ ಅಲ್ಲಿಯೇ ಕುಳಿತಿದ್ದ.